ನನ್ನ ಗಂಡನ ಹೆಸರನ್ನು ಇಳಿಸಿ

ಓಣಿಗೆ ಹೊಸ ಹೆಸರಿಟ್ಟ ಮಾನ್ಯ ಪೌರಾಯುಕ್ತರೇ,

ಹೋದ ಭಾನುವಾರ ನಮ್ಮ ಓಣಿಯ ಬಾಯಲ್ಲಿ ತಾವು ಪರದೆ ಸರಿಸಿ ಅನಾವರಣ ಮಾಡಿದ ಫಲಕವನ್ನು ದಯವಿಟ್ಟು ಕಿತ್ತುಹಾಕಿಸಿ. ಅದರಲ್ಲಿರುವುದು ತೀರಿಹೋದ ನನ್ನ ಗಂಡನ ಹೆಸರು. ಹೆಂಡತಿಯೇ ಹೀಗೆ ಕೇಳುತ್ತಿದ್ದಾಳೆಂದು ಗಾಬರಿಯಾಗಬೇಡಿ. ತಲೆ ನೆಟ್ಟಗಿದೆ, ಕೆಟ್ಟಿರುವುದು ಮನಸ್ಸು.

ನನ್ನವರು ಪತ್ರಕರ್ತರು. ಈ ಊರಿನ ಬಾವಿ, ಬಾಗಿಲು, ಬೀದಿಗಳ ಪೂರ್ವೋತ್ತರವನ್ನು ವಾರವಾರ ಕೊನೆಯ ಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗಳು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ಬರೆದರು. "ರಾಜರ ಕತೆ ಬರೆಯೋಕೆ ಜನ ಬೇಕಾದಷ್ಟಿದ್ದಾರೆ ಕಣೇ, ಈ ಬೀದಿ ಜನರದ್ದು ಯಾರು ಬರೀತಾರೆ?" ಅನ್ನುತ್ತಿದ್ದರು. ನಮ್ಮ ಈ ಸೂಲಗಿತ್ತಿ ಓಣಿಗೆ ಆ ಹಳೆಯ ಹೆಸರು ಏಕೆ ಬಂತೆಂದು ತಾವು ಎಂದಾದರೂ ಕೇಳಿದ್ದೀರಾ? ಹಿಂದೆ ಮಹಾಮಾರಿ ಬಂದು ಊರಿಗೆ ಊರೇ ಕದ ಹಾಕಿಕೊಂಡಾಗ ಇಲ್ಲಿಯ ಒಬ್ಬ ಸೂಲಗಿತ್ತಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದಳು. ಕೊನೆಗೆ ಅದೇ ರೋಗಕ್ಕೆ ಬಲಿಯಾದಳು. ಆಕೆಯ ಹೆಸರು ಯಾರಿಗೂ ನೆನಪಿಲ್ಲ. ಉಳಿದದ್ದು ಕಸುಬಿನ ಹೆಸರು, ಅದೂ ಒಂದು ತುಕ್ಕು ಹಿಡಿದ ತಗಡಿನ ಮೇಲೆ. ಆ ತಗಡು ಉಳಿಸಲೆಂದು ನನ್ನವರು ತಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಈಗ ಅವರ ಮೇಲಿನ ಗೌರವಕ್ಕೆಂದೇ ಅದನ್ನು ಕಿತ್ತಿರಿ! ಬದುಕಿದ್ದಾಗ ಕೂರಲು ಕುರ್ಚಿ ಕೊಡದ ಕಚೇರಿ ಸತ್ತ ಮೇಲೆ ರಸ್ತೆಯನ್ನೇ ಕೊಟ್ಟಿತು. ಇಂಥ ಔದಾರ್ಯವನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ಸಮಾರಂಭದಲ್ಲಿ ನಾನು ತಡೆಯಲು ಬಂದಾಗ ತಾವು ನಕ್ಕು ಹೇಳಿದಿರಿ: "ಸೂಲಗಿತ್ತಿ ಓಣಿ ಅಂದ್ರೆ ಏನ್ ಮರ್ಯಾದೆ ಇರುತ್ತಮ್ಮಾ? ಈಗ ನೋಡಿ, ಅಡ್ರೆಸ್ ಹೇಳೋಕೂ ಹೆಮ್ಮೆ."

ಅಡ್ರೆಸ್ಸಿನ ಮಾತು ಬಂತು, ಹೇಳಿಯೇಬಿಡುತ್ತೇನೆ. ಕೊನೆಯ ವರ್ಷ ನನ್ನವರಿಗೆ ಮರೆವು. ಮಗಳ ಗುರುತು ಹತ್ತಲಿಲ್ಲ. ನನ್ನನ್ನು, "ನೀವು ಯಾರಮ್ಮಾ, ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಕಣ್ಣು ತಪ್ಪಿಸಿ ಎಲ್ಲಿಗೋ ಹೊರಟುಬಿಡುತ್ತಿದ್ದರು. ತಮ್ಮ ಹೆಸರು ತಮಗೇ ಗೊತ್ತಿರಲಿಲ್ಲ ಸ್ವಾಮಿ. ಆದರೂ ಪ್ರತಿ ಸಲ ಯಾರೋ ಪುಣ್ಯಾತ್ಮರು ಕೈಹಿಡಿದು ಕರೆತರುತ್ತಿದ್ದರು. "ಸೂಲಗಿತ್ತಿ ಓಣಿಗೆ ಬಿಡಪ್ಪಾ ಅಂದ್ರು ತಾಯಿ, ಇನ್ನೇನು ಕೇಳಿದ್ರೂ ಹೇಳ್ಲಿಲ್ಲ" ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ಅತ್ತುಬಿಡುತ್ತಿದ್ದೆ.

ನನ್ನ ಬೇಡಿಕೆ ಒಂದೇ. ಆ ಸೂಲಗಿತ್ತಿಯ ತಗಡನ್ನು ಇದ್ದ ಜಾಗಕ್ಕೇ ಹಾಕಿಸಿ. ತಮ್ಮ ಫಲಕ ಆಗಲೇ ಅಲ್ಲಿದ್ದಿದ್ದರೆ ನನ್ನ ಗಂಡ ಮನೆಗೇ ಬರುತ್ತಿರಲಿಲ್ಲ.

ಇಂತಿ,
ತಮ್ಮ ಫಲಕದಲ್ಲಿರುವವರ ಹೆಂಡತಿ,
ಸೂಲಗಿತ್ತಿ ಓಣಿ. (ಈ ವಿಳಾಸಕ್ಕೆ ಉತ್ತರ ಬರೆದರೆ ತಲುಪುತ್ತದೋ ಇಲ್ಲವೋ, ತಾವೇ ಬಲ್ಲಿರಿ.)