ಮೂವತ್ತೊಂದನೇ ಪುಟದ ‘ನಾನು’ ಯಾರು?

ಮಾನ್ಯ ನೋಂದಣಾಧಿಕಾರಿಗಳೇ,

ನನ್ನ ಚಿಕ್ಕಮ್ಮ ಮಾಡಿದ ಕೆಲಸವನ್ನು ಇನ್ನೊಬ್ಬರು ಮಾಡಿದರೆಂದು ನಿಮ್ಮ ಮಂಡಳಿ ಅಚ್ಚು ಹಾಕಿಸಿದೆ. ಅದೇ ಕೆಲಸದ ಬಗ್ಗೆ ಆಕೆ ತನ್ನ ಅರ್ಜಿಯಲ್ಲಿ ಬರೆದಾಗ, ನಕಲು ಮಾಡಿದ್ದಾಳೆಂದು ಹೇಳಿ ಅರ್ಜಿಯನ್ನು ತಿರಸ್ಕರಿಸಿದೆ. ಒಂದು ವರ್ಷ ಮತ್ತೆ ಅರ್ಜಿ ಹಾಕಕೂಡದೆಂದು ಷರಾ ಬರೆದಿದೆ. ಬರುವ ತಿಂಗಳ ಒಂದನೇ ತಾರೀಖಿನಿಂದ ನೋಂದಾಯಿತ ತಂತ್ರಜ್ಞರಲ್ಲದವರು ಆಸ್ಪತ್ರೆಗಳ ಲಿಫ್ಟ್ ಮುಟ್ಟುವಂತಿಲ್ಲ ಎಂಬ ನಿಯಮವೂ ನಿಮ್ಮದೇ. ಅಂದರೆ, ಹತ್ತೊಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಹೆಂಗಸು ಇನ್ನು ಹದಿನೆಂಟು ದಿನಗಳಲ್ಲಿ ಮನೆ ಸೇರಬೇಕು. ಆಕೆಯ ಕೆಲಸವನ್ನು ತಮ್ಮದೆಂದವರು ಆ ಲಿಫ್ಟಿನ ಸುರಕ್ಷತಾ ಪತ್ರಕ್ಕೆ ಸಹಿ ಹಾಕಬೇಕು. ಉಂಡೂ ಹೋದ, ಕೊಂಡೂ ಹೋದ ಎಂಬ ಮಾತು ಕೇಳಿದ್ದೆ. ಹೋಗುವಾಗ ಮನೆಯವರ ಮೇಲೇ ಕಳ್ಳತನದ ದೂರು ಕೊಟ್ಟು ಹೋದ ಎಂಬ ಭಾಗವನ್ನು ನೀವು ಹೊಸದಾಗಿ ಸೇರಿಸಿದ್ದೀರಿ.

ನೋಂದಾಯಿತ ತಂತ್ರಜ್ಞರಾಗುವುದು ಹೇಗೆಂದು ತಿಳಿಸುವ ನಿಮ್ಮ ಮಾರ್ಗದರ್ಶಿ ಪುಸ್ತಿಕೆಯನ್ನು ನಾನು ಮೂರು ಸಲ ಓದಿದ್ದೇನೆ. ಹಕ್ಕು, ಸುರಕ್ಷತೆ, ನಿಯಮ ಎಂದು ಮುಖಪುಟದ ಮೇಲಿರುವ ಯಾವ ಕಿರುಹೊತ್ತಿಗೆ ಸಿಕ್ಕರೂ ನಾನು ಬಿಡುವವಳಲ್ಲ. ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಆ ಮಾರ್ಗದರ್ಶಿಯನ್ನು ಒಂದು ಸಲ ಓದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ತರಬೇತಿಯ ಪ್ರಮಾಣಪತ್ರ ಲಗತ್ತಿಸಬೇಕು, ಐದು ವರ್ಷದ ಕೆಲಸದ ದಿನಚರಿ ಕೊಡಬೇಕು, ಈಗಾಗಲೇ ನೋಂದಣಿಯಾದ ಇಬ್ಬರಿಂದ ಅನುಮೋದನೆ ಪಡೆಯಬೇಕು, ತಾನು ನಿಭಾಯಿಸಿದ ಒಂದು ಕಷ್ಟದ ಕೆಲಸದ ಬಗ್ಗೆ ಎರಡು ಪುಟ ‘ಸಾಮರ್ಥ್ಯ ವಿವರಣೆ’ ಬರೆಯಬೇಕು, ಮೂವರು ತಜ್ಞರ ಮುಂದೆ ಸಂದರ್ಶನಕ್ಕೆ ಕೂರಬೇಕು, ಕೊನೆಗೆ ನೀತಿಸಂಹಿತೆಗೆ ಸಹಿ ಹಾಕಬೇಕು. ಇದರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ಜನರ ಜೀವ ಹೊತ್ತು ಹತ್ತಿಳಿಯುವ ಯಂತ್ರವನ್ನು ಮುಟ್ಟುವವರಿಗೆ ಕೆಲಸ ಗೊತ್ತಿದೆಯೇ ಎಂದು ಯಾರಾದರೂ ನೋಡಲೇಬೇಕು. ನಿಯಮ ಬಂದ ದಿನ ಚಿಕ್ಕಮ್ಮನೂ ಹಾಗೇ ಅಂದಳು: “ನೋಡ್ಲಿ ಬಿಡೇ, ಒಳ್ಳೇದೇ. ನಾಳೆ ನಾನೂ ಅದ್ರಲ್ಲೇ ಮಲಗ್ಕೊಂಡು ಮೇಲೆ ಹೋಗ್ಬೇಕಾಗತ್ತೆ.”

ಆಕೆ ಬರೆದದ್ದು ಆಸ್ಪತ್ರೆಯ ಎರಡನೇ ಲಿಫ್ಟಿನ ಕಥೆ. ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಮಂಚದ ಸಮೇತ ಸಾಗಿಸುವ ಲಿಫ್ಟ್ ಅದು. ಹೋದ ವರ್ಷದ ತಪಾಸಣೆಯ ದಿನ ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತಿತ್ತು. ಕರೆಂಟು ತೆಗೆದು ಚಿಕ್ಕಮ್ಮ ಲಿಫ್ಟಿನ ಮಾಡಿನ ಮೇಲೆ ಹತ್ತಿ ನಿಂತಿದ್ದಳು. ಆಕೆಯ ಜೊತೆಗಾರ ಎಂಟನೇ ಮಹಡಿಯ ಮೇಲಿನ ಮೆಷಿನ್ ರೂಮಿನಲ್ಲಿ ಒಂದು ಕೈಯಲ್ಲಿ ಬ್ರೇಕಿನ ಸನ್ನೆಕೋಲು, ಇನ್ನೊಂದು ಕೈಯಲ್ಲಿ ಚಕ್ರ ಹಿಡಿದಿದ್ದ. ಹತ್ತೊಂಬತ್ತು ವರ್ಷ ಲಿಫ್ಟ್ ಹತ್ತಿಳಿಯುವ ಬಾವಿಯೊಳಗೆ ಕೂಗಿ ಕೂಗಿ, ಹೊರಗೂ ಮೆಲ್ಲಗೆ ಮಾತಾಡುವುದು ಮರೆತುಹೋದ ಮನುಷ್ಯ ಅವನು. ಎಲ್ಲರೂ ಮೈಕಣ್ಣ ಅಂತಲೇ ಕರೆಯುತ್ತಾರೆ. ಅವರಿಬ್ಬರ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಕೆಳಗಿನವರು ಒಂದು ಮಾತು ಕೂಗುತ್ತಾರೆ. ಮೇಲಿನವರು ಅದೇ ಮಾತನ್ನು ತಿರುಗಿ ಕೂಗಿದ ಮೇಲೆಯೇ ಕೈ ಆಡಿಸುತ್ತಾರೆ. “ಒಂದ್ ಗೇಣು ಕೆಳಗೆ!” ಎಂದರೆ “ಒಂದ್ ಗೇಣು ಕೆಳಗೆ!” ತಿರುಗಿ ಬರದಿದ್ದರೆ ಯಾರೂ ಅಲುಗುವುದಿಲ್ಲ. ಹೀಗೆ ಗೇಣು ಗೇಣಾಗಿ ಇಳಿಯುತ್ತಾ ಚಿಕ್ಕಮ್ಮ ಉಕ್ಕಿನ ಹಗ್ಗಕ್ಕೆ ಬಟ್ಟೆ ಸುತ್ತಿ ಹಿಡಿದಿದ್ದಳು. ತಂತಿ ಒಡೆದಿದ್ದರೆ ಬಟ್ಟೆಗೆ ಚುಚ್ಚಿ ಹಿಡಿದುಕೊಳ್ಳುತ್ತದೆ. ಒಂದು ಕಡೆ ಹಿಡಿದುಕೊಂಡಿತು. ನೋಡಿದರೆ ಒಂದೇ ಎಳೆಯಲ್ಲಿ ಏಳು ತಂತಿ ತುಂಡಾಗಿದ್ದವು.

ಲಿಫ್ಟ್ ನೋಡಿಕೊಳ್ಳುವ ತಮ್ಮ ಕಂಪನಿಯ ಸೂಪರ್‌ವೈಸರಿಗೆ ಫೋನ್ ಮಾಡಿದರು. ಅವರು ನೆಲಮಹಡಿಯ ಕ್ಯಾಂಟೀನಿನಲ್ಲಿದ್ದರು. “ಇನ್ನೆರಡು ದಿನ ಓಡ್ಲಿ ಬಿಡ್ರೀ. ಅದು ಹಗ್ಗ, ದಾರ ಅಲ್ಲ” ಅಂದರು. ಚಿಕ್ಕಮ್ಮ ಲಿಫ್ಟಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೈಕಣ್ಣ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿ ಕೂತ. ಹಗ್ಗ ಬದಲಾಗುವವರೆಗೆ ಮೂರು ದಿನ ಲಿಫ್ಟ್ ಅಲುಗಲಿಲ್ಲ, ಇವರಿಬ್ಬರೂ ಅಲುಗಲಿಲ್ಲ.

ಇದನ್ನೇ ಆಕೆ ಎರಡು ಪುಟ ಬರೆದು ನಿಮಗೆ ಕೊಟ್ಟಳು. ಆರು ವಾರದ ಮೇಲೆ ಅರ್ಜಿ ವಾಪಸು ಬಂತು. ನಿಮ್ಮ ಕಚೇರಿಯವರು ಅದನ್ನು ಎಷ್ಟು ಶ್ರದ್ಧೆಯಿಂದ ಓದಿದ್ದರೆಂದರೆ, ಇಪ್ಪತ್ತೇಳು ಕಡೆ ಒಂದೇ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ನಿಲ್ಲಿಸಿದೆವು. ಪರೀಕ್ಷಿಸಿದೆವು. ಬೀಗ ಹಾಕಿದೆವು. ಸುತ್ತು ಬಿದ್ದದ್ದು ಕೊನೆಯ ‘ವು’ಗೆ. ಅಂಚಿನಲ್ಲಿ ಷರಾ: ‘ಅರ್ಜಿದಾರರ ವೈಯಕ್ತಿಕ ಪಾತ್ರ ಸ್ಪಷ್ಟವಿಲ್ಲ. ಏಕವಚನದಲ್ಲಿ ಬರೆಯತಕ್ಕದ್ದು.’ ಏಳು ತಂತಿ ತುಂಡಾದದ್ದರ ಕೆಳಗೆ ಒಂದು ಗೆರೆಯೂ ಇರಲಿಲ್ಲ.

ಮಂಡಳಿಯ ಮೇಲೆ ನನಗೆ ಆಗಿನ್ನೂ ನಂಬಿಕೆಯಿತ್ತು. ಪುಸ್ತಿಕೆಯಲ್ಲೇ ಹಾಗೆ ಬರೆದಿದೆ ಚಿಕ್ಕಮ್ಮಾ, ‘ನಾನು’ ಅನ್ನಬೇಕಂತೆ, ಎಂದು ನಾನೇ ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಶಾಯಿಯ ಬಾಟಲಿ ಇಟ್ಟುಕೊಂಡು ಕೂತು ಇಪ್ಪತ್ತೇಳು ‘ವು’ಗಳನ್ನೂ ಅಳಿಸಿದೆ. ಮಧ್ಯಾಹ್ನ ಮೈಕಣ್ಣ ಬಂದ. ಕನ್ನಡಕ ಮೂಗಿಗೇರಿಸಿ, ಪಕ್ಕದ ಬೀದಿಗೂ ಕೇಳುವಂತೆ ಓದಿದ:

“ ‘ಒಂದು ಗೇಣು ಕೆಳಗೆ ಎಂದು ಕೂಗಿದೆ. ಒಂದು ಗೇಣು ಕೆಳಗೆ ಎಂದು ತಿರುಗಿ ಕೂಗಿದೆ.’ ಏನ್ ಪುಟ್ಟೀ ಇದು? ನಿಮ್ಮ ಚಿಕ್ಕಮ್ಮನೇ ಕೂಗಿ, ನಿಮ್ಮ ಚಿಕ್ಕಮ್ಮನೇ ಓ ಅಂದ್ಲಾ? ನಾನ್ ಯಾವಾಗ ಸತ್ತೆ? ನನಗೂ ಒಂದ್ ಮಾತು ಹೇಳ್ಬಾರ್ದಾ?”

ಚಿಕ್ಕಮ್ಮ ನಗಲಿಲ್ಲ. ಕಾಗದ ಕಿತ್ತುಕೊಂಡು, ತಾನು ಮಾಡದ್ದನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದಳು. ಕೊನೆಗೆ ಉಳಿದದ್ದು ಅರ್ಧ ಕಥೆ: ಹೆಂಗಸೊಬ್ಬಳು ಲಿಫ್ಟಿನ ಮೇಲೆ ನಿಂತು ಕೂಗುತ್ತಾಳೆ, ಲಿಫ್ಟ್ ತಾನಾಗಿಯೇ ಇಳಿಯುತ್ತದೆ.

“ಇದನ್ನ ಕಳಿಸಲ್ಲ. ಅರ್ಧ ಸುಳ್ಳು ಇದು.”

“ಕಳ್ಸು ತಾಯೀ,” ಅಂದ ಮೈಕಣ್ಣ. “ಕಾಗದದ ಮೇಲೆ ಸತ್ರೆ ನೋವಾಗಲ್ಲ. ನಿನ್ ಕೆಲ್ಸ ಉಳೀಲಿ. ನಾನು ಹೆಂಗೂ ಮುಂದಿನ್ ವರ್ಷ ರಿಟೈರು, ಅರ್ಜಿ ಹಾಕೋಕೆ ಹೋಗಲ್ಲ.” ಕೊನೆಗೆ ಆ ಅರ್ಧ ಕಥೆಯೇ ನಿಮ್ಮ ಕಚೇರಿಗೆ ಬಂತು.

ನಿಮ್ಮ ‘ನಾನು’ವಿನ ಹಿಂದಿನ ಉದ್ದೇಶ ನನಗೆ ಅರ್ಥವಾಗದೆ ಇಲ್ಲ. ‘ನಾವು’ ಎಂಬ ಮಾತಿನ ಮರೆಯಲ್ಲಿ ಕೈಕಟ್ಟಿ ನಿಂತವರೂ ನುಸುಳಬಹುದು; ಯಾರಿಗೆ ಎಷ್ಟು ಗೊತ್ತು ಎಂದು ತೂಗಲು ಒಬ್ಬೊಬ್ಬರನ್ನೇ ಕೇಳಬೇಕು. ಸರಿ. ಆದರೆ ‘ನಾವು’ವಿನ ಹಿಂದೆ ಸೋಮಾರಿ ಅಡಗಬಹುದೆಂದು ಊಹಿಸಿದ ನಿಮಗೆ, ‘ನಾನು’ವಿನ ಹಿಂದೆ ಕಳ್ಳ ಅಡಗಬಹುದೆಂದು ಹೊಳೆಯಲೇ ಇಲ್ಲವೇ? ಸೋಮಾರಿಗೆ ‘ನಾವು’ ಎನ್ನಲು ಪಕ್ಕದಲ್ಲಿ ಒಬ್ಬ ಕೆಲಸಗಾರನಾದರೂ ಬೇಕು. ‘ನಾನು’ ಎನ್ನಲು ಏನು ಬೇಕು? ಒಂದು ಪೆನ್ನು. ಲಿಫ್ಟಿನ ಬಾವಿಯಲ್ಲಿ ಒಬ್ಬರೇ ಇಳಿಯಕೂಡದೆಂದು ಸುರಕ್ಷತಾ ನಿಯಮ ಹೇಳುತ್ತದೆ. ಒಬ್ಬರೇ ಇಳಿದಂತೆ ಬರೆಯಿರಿ ಎಂದು ನಿಮ್ಮ ಮಾರ್ಗದರ್ಶಿ ಹೇಳುತ್ತದೆ. ನಿಯಮ ಪಾಲಿಸಿದವರು ಅರ್ಜಿಯಲ್ಲಿ ಸುಳ್ಳು ಹೇಳಬೇಕು, ಅರ್ಜಿಯಲ್ಲಿ ನಿಜ ಹೇಳಬೇಕಾದರೆ ನಿಯಮ ಮುರಿದಿರಬೇಕು. ಯಾವ ತಜ್ಞರ ಸಮಿತಿ ಎಷ್ಟು ಸಭೆ ಸೇರಿ ಇದನ್ನು ಕಂಡುಹಿಡಿಯಿತು?

ಸಂದರ್ಶನದ ದಿನ ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದವಳು ನಾನು. ಒಳಗೆ ನಡೆದದ್ದನ್ನು ಚಿಕ್ಕಮ್ಮ ಬಸ್ಸಿನಲ್ಲಿ ಹೇಳಿದಂತೆ ಬರೆಯುತ್ತಿದ್ದೇನೆ; ತಪ್ಪಿದ್ದರೆ ನಿಮ್ಮ ದಾಖಲೆ ಹೊರತಂದು ತಿದ್ದಿ. ಮೂವರಲ್ಲಿ ಮಧ್ಯದವರು ಮಾರ್ಗದರ್ಶಿಯ ಹೊಸ ಮುದ್ರಣವನ್ನು ಆಕೆಯ ಮುಂದೆ ತೆರೆದಿಟ್ಟರಂತೆ. ಮೂವತ್ತೊಂದನೇ ಪುಟ. ‘ಮಾದರಿ ಉತ್ತರ: ಯಶಸ್ವಿ ಅರ್ಜಿದಾರರೊಬ್ಬರ ವಿವರಣೆ.’ ಅದರಲ್ಲಿ ಆಸ್ಪತ್ರೆ, ಎರಡನೇ ಲಿಫ್ಟ್, ಬಟ್ಟೆ, ಏಳು ತಂತಿ, ಬೀಗ, ಎಲ್ಲವೂ ಇತ್ತು.

“ಇದನ್ನ ಮೊದಲೇ ನೋಡಿದ್ರಾ?”

“ಇಲ್ಲ ಸಾರ್.”

“ಮತ್ತೆ ನಿಮ್ಮ ಅರ್ಜೀಲಿ ಇದೇ ಹೇಗ್ ಬಂತು?”

“ಅಲ್ಲಿದ್ದಿದ್ದು ನಾವು ಸಾರ್.”

“ನೋಡಿ, ಮತ್ತೆ ‘ನಾವು’ ಅಂತೀರಿ,” ಎಂದು ಪಕ್ಕದವರು ನಕ್ಕರಂತೆ.

ಆ ಮಾದರಿ ಉತ್ತರ ಯಾರದೆಂದು ಹುಡುಕುವ ಕಷ್ಟವನ್ನೂ ನಮಗೆ ಕೊಡಲಿಲ್ಲ. ಚಿಕ್ಕಮ್ಮನ ಕಂಪನಿಯ ಸೂಪರ್‌ವೈಸರ್ ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಕ್ಯಾಂಟೀನಿನಲ್ಲಿ ಫೋನೆತ್ತಿದವರು ಇವರೇ. ಆ ದಿನದ ಕೆಲಸದ ವರದಿಯನ್ನು ಚಿಕ್ಕಮ್ಮ ಬರೆದು ಒಪ್ಪಿಸಿದ್ದು ಇವರ ಕೈಗೇ. ನಾನು ಒಂದು ಭಾನುವಾರ ಮಾಡಿದ ಕೆಲಸವನ್ನು ಅವರು ನನಗಿಂತ ಮೊದಲೇ ಮಾಡಿ ಮುಗಿಸಿದ್ದರು, ಅಷ್ಟೇ: ‘ವು’ ಅಳಿಸಿದರು.

ಆದರೆ ತಾವು ಅಲ್ಲಿರದಿದ್ದುದರಿಂದ, ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಮೂವತ್ತೊಂದನೇ ಪುಟದ ಹನ್ನೊಂದನೇ ಸಾಲನ್ನು ದಯವಿಟ್ಟು ಓದಿ: ‘ನಾನು ಲಿಫ್ಟಿನ ಮಾಡಿನ ಮೇಲೆ ನಿಂತು ಹಗ್ಗಗಳನ್ನು ಪರೀಕ್ಷಿಸುತ್ತಾ, ಬ್ರೇಕ್ ಸಡಿಲಿಸಿ ಲಿಫ್ಟನ್ನು ಗೇಣು ಗೇಣಾಗಿ ಇಳಿಸಿದೆ.’ ಲಿಫ್ಟ್ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಬ್ರೇಕ್ ಇರುವುದು ಎಂಟನೇ ಮಹಡಿಯ ಮೇಲೆ. ಈ ಮಹನೀಯರ ತೋಳು ನಾಲ್ಕು ಮಹಡಿಗಿಂತ ಉದ್ದವಿರಬೇಕು! ಅಂಥ ತೋಳಿದ್ದವರು ಕ್ಯಾಂಟೀನಿನಲ್ಲಿ ಕೂತೇ ಹಗ್ಗ ಬದಲಿಸಬಹುದಿತ್ತಲ್ಲ? ಮೈಕಣ್ಣ ಒಂದೇ ಓದಿಗೆ ಹಿಡಿದ ಈ ಅಸಂಬದ್ಧವನ್ನು ನಿಮ್ಮ ಮೂವರು ತಜ್ಞರು ಹಿಡಿಯಲಿಲ್ಲ. ಹಿಡಿಯಲಿಲ್ಲ ಎನ್ನುವುದೂ ಸೌಜನ್ಯದ ಮಾತಾಯಿತು. ಎಲ್ಲರೂ ಹೀಗೇ ಬರೆಯಿರಿ ಎಂದು ಅಚ್ಚು ಹಾಕಿ ಹಂಚಿದಿರಿ.

ಇನ್ನು ನಕಲಿನ ವಿಚಾರ. ಚಿಕ್ಕಮ್ಮನ ಮೊದಲ ಅರ್ಜಿ, ಆ ಇಪ್ಪತ್ತೇಳು ‘ವು’ಗಳ ಅರ್ಜಿ, ನಿಮ್ಮ ಕಚೇರಿಗೆ ತಲುಪಿದ್ದಕ್ಕೆ ನಿಮ್ಮದೇ ಮುದ್ರೆಯ ರಸೀದಿ ನನ್ನ ಬಳಿ ಇದೆ. ಹೊಸ ಪುಸ್ತಿಕೆ ಅಚ್ಚಾದದ್ದು ಅದಾಗಿ ಎರಡು ತಿಂಗಳ ಮೇಲೆ. ಹಿಂಬದಿಯ ಹೊದಿಕೆಯಲ್ಲಿ ನೀವೇ ತಾರೀಖು ಹಾಕಿದ್ದೀರಿ. ಅಸಲು ಹುಟ್ಟುವ ಮೊದಲೇ ನಕಲು ಮಾಡುವ ವಿದ್ಯೆ ನನ್ನ ಚಿಕ್ಕಮ್ಮನಿಗೆ ಗೊತ್ತಿದ್ದರೆ, ಆಕೆ ಲಿಫ್ಟ್ ರಿಪೇರಿ ಮಾಡಿಕೊಂಡು ಯಾಕಿರುತ್ತಿದ್ದಳು? ಸಾಲದ್ದಕ್ಕೆ, ಆಕೆಯ ಇಬ್ಬರು ಅನುಮೋದಕರಲ್ಲಿ ಒಬ್ಬರು ಇದೇ ಸೂಪರ್‌ವೈಸರ್. ಕಂಪನಿಯಲ್ಲಿ ನೋಂದಣಿಯಾದವರು ಅವರೊಬ್ಬರೇ, ಬೇರೆ ಯಾರನ್ನು ಕೇಳಬೇಕಿತ್ತು? ಸ್ಕೂಟರಿನ ಸೀಟಿನ ಮೇಲೆ ಅರ್ಜಿ ಇಟ್ಟು, ಒಂದು ಸಾಲೂ ಓದದೆ, ‘ಮೇಲ್ಕಂಡ ಕೆಲಸವನ್ನು ಅರ್ಜಿದಾರರೇ ಮಾಡಿರುವುದು ನನಗೆ ಖುದ್ದು ತಿಳಿದಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದರು. ಹಾಗಾಗಿ ನಿಮ್ಮ ಕಪಾಟಿನಲ್ಲಿ ಈಗ ಒಂದೇ ಕೈಯ ಎರಡು ಸಹಿಗಳಿವೆ. ಒಂದು ಹೇಳುತ್ತದೆ, ನಾನು ಮಾಡಿದೆ. ಇನ್ನೊಂದು ಹೇಳುತ್ತದೆ, ಆಕೆ ಮಾಡಿದಳು. ಎರಡರಲ್ಲಿ ಒಂದು ಸುಳ್ಳು ಎಂದು ತಿಳಿಯಲು ತಜ್ಞರು ಬೇಕಿಲ್ಲ, ಕಡತ ತೆರೆಯುವ ಕೈ ಬೇಕು. ಅಂದಹಾಗೆ, ನಿಮ್ಮ ನೀತಿಸಂಹಿತೆ ಇರುವುದು ನಲವತ್ತನೇ ಪುಟದಲ್ಲಿ. ಮೊದಲ ಕಲಮು: ‘ಇತರರ ಕೆಲಸವನ್ನು ತನ್ನದೆಂದು ಹೇಳಿಕೊಳ್ಳತಕ್ಕದ್ದಲ್ಲ.’ ಮೂವತ್ತೊಂದರಿಂದ ನಲವತ್ತರವರೆಗೆ ಒಂಬತ್ತು ಪುಟ ತಿರುವಲು ನಿಮ್ಮ ಮಂಡಳಿಯಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ.

ಚಿಕ್ಕಮ್ಮನಿಗೆ ಈ ಪತ್ರ ಬೇಡ. “ಬಿಡೇ, ದೊಡ್ಡೋರ ಸಹವಾಸ. ನಿನ್ ಬಾಯಿಂದ ಮೈಕಣ್ಣನಿಗೂ ತೊಂದ್ರೆ” ಅನ್ನುತ್ತಾಳೆ. ಹೋದ ವಾರದಿಂದ ಆಕೆ ಒಂದು ನೋಟ್ ಪುಸ್ತಕದಲ್ಲಿ ಎರಡನೇ ಲಿಫ್ಟಿನ ಜಾತಕ ಬರೆಯುತ್ತಿದ್ದಾಳೆ. ಯಾವ ಮಹಡಿಯ ಬಾಗಿಲು ಸೆಖೆಗೆ ಬಿಗಿಯುತ್ತದೆ, ಬ್ರೇಕ್ ಯಾವ ಸದ್ದು ಮಾಡಿದರೆ ಹೆದರಬೇಕಾಗಿಲ್ಲ, ಯಾವ ಸದ್ದಿಗೆ ತಕ್ಷಣ ಕರೆಂಟು ತೆಗೆಯಬೇಕು. ಯಾರಿಗೆ ಅದು ಎಂದು ಕೇಳಿದೆ. “ಒಂದನೇ ತಾರೀಖು ಯಾರೋ ಬರ್ತಾರಲ್ಲ, ಅವ್ರಿಗೆ” ಅಂದಳು. ತನ್ನನ್ನು ಕಳ್ಳಿ ಎಂದವರು ಕಳಿಸುವ ಮನುಷ್ಯನಿಗೆ ಆಕೆ ದಾರಿ ಬರೆದಿಡುತ್ತಿದ್ದಾಳೆ. ಆ ಲಿಫ್ಟಿನಲ್ಲಿ ಹೋಗುವವರು ಮಂಚದ ಮೇಲೆ ಅಂಗಾತ ಮಲಗಿರುತ್ತಾರಂತೆ, ಏನಾದರೂ ಆದರೆ ಎದ್ದು ಬಾಗಿಲು ಬಡಿಯಲೂ ಆಗುವುದಿಲ್ಲವಂತೆ. ಇಂಥವಳಿಗೆ ವೃತ್ತಿಪರಳೆಂಬ ಮುದ್ರೆ ಒತ್ತಲು ನಿಮ್ಮಿಂದಾಗದಿದ್ದರೆ, ಆ ಮುದ್ರೆಯನ್ನು ಏನಕ್ಕೆ ಇಟ್ಟುಕೊಂಡಿದ್ದೀರಿ? ಕಾಗದ ಹಾರದಂತೆ ಮೇಲಿಡಲಿಕ್ಕೇ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮೂವತ್ತೊಂದನೇ ಪುಟವನ್ನು ಹಿಂತೆಗೆದುಕೊಳ್ಳಿ, ಯಾಕೆ ತೆಗೆದಿರೆಂದೂ ಅಚ್ಚು ಹಾಕಿ. ಚಿಕ್ಕಮ್ಮನ ಮೇಲಿನ ನಕಲಿನ ಷರಾವನ್ನೂ ಒಂದು ವರ್ಷದ ನಿಷೇಧವನ್ನೂ ಒಂದನೇ ತಾರೀಖಿಗೆ ಮುಂಚೆ ರದ್ದು ಮಾಡಿ. ಆಕೆಯನ್ನು ಮತ್ತೆ ಪರೀಕ್ಷಿಸಿ. ಕಷ್ಟವಾಗಿಯೇ ಪರೀಕ್ಷಿಸಿ, ರಿಯಾಯಿತಿ ಬೇಡ. ಆದರೆ ಮೇಜಿನ ಮುಂದಲ್ಲ, ಕೆಲಸದಲ್ಲಿ, ಮೈಕಣ್ಣನ ಜೊತೆಗೆ. ಯಾರು ಏನು ಬಲ್ಲರೆಂದು ನೋಡಲು ಅಲ್ಲಿ ವ್ಯಾಕರಣ ಬೇಕಾಗುವುದಿಲ್ಲ, ಎರಡು ಕಣ್ಣು ಸಾಕು. ಎರಡನೇ ಲಿಫ್ಟಿನ ತಿಂಗಳ ತಪಾಸಣೆ ಬರುವ ಗುರುವಾರವಿದೆ. ನಿಮ್ಮ ಮೂವರು ತಜ್ಞರೂ ಬರಲಿ, ನೀವೂ ಬನ್ನಿ. ಈ ಪತ್ರದ ಒಂದು ಪ್ರತಿ ಆಸ್ಪತ್ರೆಯ ಮುಖ್ಯಸ್ಥರಿಗೆ ಹೋಗಿದೆ, ಎರಡು ಪತ್ರಿಕೆಗಳಿಗೂ ಹೋಗಿದೆ; ನೀವು ಬಾರದಿದ್ದರೆ ಬಾರದಿದ್ದುದನ್ನು ನೋಡಲು ಅವರಿರುತ್ತಾರೆ. ಗುರುವಾರ, ಬೆಳಿಗ್ಗೆ ಆರೂವರೆ, ಆಸ್ಪತ್ರೆಯ ನೆಲಮಹಡಿ, ಎರಡನೇ ಲಿಫ್ಟಿನ ಬಾಗಿಲು. ಮೆಷಿನ್ ರೂಮಿಗೆ ಎಂಟು ಮಹಡಿ ಮೆಟ್ಟಿಲು ಹತ್ತಬೇಕಾಗುತ್ತದೆ. ಆ ಹೊತ್ತಿಗೆ ಲಿಫ್ಟ್ ನಿಲ್ಲಿಸಿರುತ್ತಾರೆ.

ಇಂತಿ,
ಲಿಫ್ಟ್ ತಂತ್ರಜ್ಞೆಯೊಬ್ಬಳ ಅಕ್ಕನ ಮಗಳು
(ಸ್ವಂತ ಅರ್ಹತೆ: ಗುಂಡಿ ಒತ್ತಿ ಕಾಯುವುದು)