ಹನ್ನೆರಡನೆಯ ಹಾಸಿಗೆಯವರ ಹೆಸರು

ಗದಗ, ೨೧೮೭, ಫೆಬ್ರವರಿ ಮೂವತ್ತು

ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಆರೈಕೆದಾರರಿಗೆ ಶರಣು.

ಈ ತಾರೀಖು ಕಂಡು ನೀವು ಹುಬ್ಬೇರಿಸಬಹುದು. ನಮ್ಮ ಕ್ಯಾಲೆಂಡರಿನಲ್ಲಿ ಇದು ಉಂಟು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳನ್ನು ಓದಿ ಕಲಿತವಳು. ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಶಾಂಭವಿ ಕಮ್ಮಾರ. ಇಲ್ಲಿನ ಮುಪ್ಪಿನ ಮನೆಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದೆ. ಅಲ್ಲಿಗೆ ಬಂದ ಮುದುಕರನ್ನು ನಾವು ‘ಉಳಿಕೆ’ ಎನ್ನುತ್ತೇವೆ. ಹೆಸರಿಲ್ಲ, ಹಾಸಿಗೆಯ ಅಂಕಿ ಮಾತ್ರ. ಉಳಿಕೆ ನಾಲ್ಕು ಉಂಡಿತು, ಉಳಿಕೆ ಒಂಬತ್ತು ಮಲಗಿತು. ಕುರ್ಚಿಗೆ, ಕಲ್ಲಿಗೆ ಹೇಳುವ ಹಾಗೆ. ಇದನ್ನು ಯಾರೂ ಅಪ್ಪಣೆ ಮಾಡಿ ಹೇರಲಿಲ್ಲ. ಕೆಲಸದ ಅವಸರದಲ್ಲಿ ‘ಅವರು’ ಹೋಗಿ ‘ಅದು’ ಬಂತಂತೆ. ನನ್ನ ಕಾಲಕ್ಕೆ ಬೇರೆ ಮಾತೇ ಇರಲಿಲ್ಲ. ಬೆಳಿಗ್ಗೆ ಹಾಸಿಗೆ ಬದಲಿಸಿ, ಗಂಜಿ ಕುಡಿಸಿ, ಆಮೇಲೆ ಒಬ್ಬೊಬ್ಬರ ಸ್ಥಿತಿಯನ್ನು ‘ಕೇಳುಗೋಡೆ’ಗೆ ಹೇಳುತ್ತಿದ್ದೆವು. ಅದು ನಮ್ಮ ಮಾತು ಕೇಳಿಸಿಕೊಂಡು, ಡಾಕ್ಟರೋ ರಿಪೇರಿಯವರೋ ಬೇಕಾದವರನ್ನು ಕರೆಸುವ ಯಂತ್ರ.

ಹನ್ನೆರಡನೆಯ ಹಾಸಿಗೆಗೆ ಬಂದಾಕೆ ಮೂವತ್ತು ವರ್ಷ ಬಸ್ಸು ಓಡಿಸಿದವರು. ಮೊದಲ ದಿನ ನಾನು “ಬಾಯಿ ತೆಗಿ” ಎಂದೆ. ಅವರು ಚಮಚವನ್ನು ಪಕ್ಕಕ್ಕೆ ಸರಿಸಿದರು.

“ನನ್ನ ಹೆಸರು ದಾಕ್ಷಾಯಣಿ ಪತ್ತಾರ, ತಂಗಿ. ‘ತೆಗೀರಿ’ ಅನ್ನು. ಅಲ್ಲೀತನಕ ನಾ ಉಣ್ಣಂಗಿಲ್ಲ.”

ನಾನು ನಕ್ಕು ಮುಂದಿನ ಹಾಸಿಗೆಗೆ ಹೋದೆ. ಅವರು ಎರಡು ಹೊತ್ತು ಉಪವಾಸವಿದ್ದರು. ಮೂರನೆಯ ಹೊತ್ತಿಗೆ ತಾವೇ ಸೋತು ಬಾಯಿ ತೆರೆದರು. ನಾನು ಗೆದ್ದೆನೆಂದುಕೊಂಡೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಪಕ್ಕೆ ಹಿಡಿದು ನರಳುತ್ತಿದ್ದರು. ರೂಢಿಯಂತೆ ಗೋಡೆಗೆ ಹೇಳಿದೆ: “ಉಳಿಕೆ ಹನ್ನೆರಡು ಸದ್ದು ಮಾಡಾಕತ್ತೈತಿ.” ತಾಸು ಕಳೆದು ರಿಪೇರಿಯವನು ಬಂದು, ಮಂಚದ ಗಾಲಿಗಳಿಗೆ ಎಣ್ಣೆ ಬಿಟ್ಟು ಹೋದ.

“ತಂಗಿ, ಸದ್ದು ಗಾಲೀದಲ್ಲ,” ಎಂದರು ದಾಕ್ಷಾಯಣಿಯವರು. “ನಂದು.”

ನಾನು ಗೋಡೆಯತ್ತ ಓಡಿದೆ. “ದಾಕ್ಷಾಯಣಿ ಅವ್ವಾರಿಗೆ ಭಾಳ ನೋವಾಗೇತಿ, ಡಾಕ್ಟರನ್ನ ಕಳಸ್ರಿ!”

“ಆ ಹೆಸರಿನವರು ಇಲ್ಲಿ ಇಲ್ಲ,” ಎಂದಿತು ಗೋಡೆ.

“ಹನ್ನೆರಡಕ್ಕ ನೋವಾಗೇತಿ!”

“ನೋವು ಉಳಿಕೆಗೆ ಹೊಂದುವ ಪದವಲ್ಲ. ತಿದ್ದಿ ಹೇಳಿ.”

ಬರಿಗಾಲಲ್ಲಿ ಎರಡು ಬೀದಿ ಓಡಿ ಡಾಕ್ಟರಮ್ಮನನ್ನು ಕರೆತಂದೆ. ಅವರು ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಇಟ್ಟರು. “ಒಂದು ತಾಸು ಮೊದಲ ಹೇಳಿದ್ರ ಉಳೀತಿದ್ರವಾ” ಎಂದರು.

ಮರುದಿನದಿಂದ ಒಂದೊಂದು ಹಾಸಿಗೆಯ ಬಳಿ ಕೂತು ಹೆಸರು ಕೇಳಿದೆ. ಹದಿನೆಂಟು ಮಂದಿಯಲ್ಲಿ ಏಳು ಮಂದಿಗಷ್ಟೇ ನೆನಪಿತ್ತು. ಒಬ್ಬ ಅಜ್ಜನವರು ಬಹಳ ಹೊತ್ತು ಯೋಚಿಸಿ, “ಒಂಬತ್ತು ಅಲ್ಲೇನು?” ಎಂದು ನನ್ನನ್ನೇ ಕೇಳಿದರು. ಆ ಏಳು ಹೆಸರನ್ನು ಸೀಮೆಸುಣ್ಣದಲ್ಲಿ ಮಂಚಗಳ ಮೇಲೆ ಬರೆದೆ. ಆಡಳಿತದವರು ಅಳಿಸಿದರು, ನನ್ನನ್ನು ಕೆಲಸದಿಂದ ತೆಗೆದರು.

ಈಗೀಗ ಆ ‘ಅದು’ ಮುಪ್ಪಿನ ಮನೆಯಿಂದ ಹೊರಗೂ ಬಂದಿದೆ. ನನಗೆ ಅರವತ್ತೊಂದು. ಮೊನ್ನೆ ಕಿರಾಣಿ ಅಂಗಡಿಯಲ್ಲಿ ಒಬ್ಬಾಕೆ ನನ್ನತ್ತ ಕೈ ತೋರಿಸಿ, “ಅದಕ್ಕ ಏನು ಬೇಕಂತ ಕೇಳ್ರಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ನಿಮ್ಮಲ್ಲಿ ಇದಿನ್ನೂ ಬರೀ ಮಾತಿನ ಅವಸರವಿದ್ದೀತು. ಯಾರಾದರೂ “ಮೂರನೇ ಬೆಡ್ಡಿಂದು ಊಟ ಆಯ್ತಾ?” ಎಂದರೆ ದಯವಿಟ್ಟು ಉತ್ತರ ಕೊಡಬೇಡಿ. ಅವರ ಹೆಸರು ಹಿಡಿದು ಇನ್ನೊಮ್ಮೆ ಕೇಳುವವರೆಗೆ ಸುಮ್ಮನಿರಿ.