ಮಣ್ಣಿನಿಂದ ಎರಡು ಬೆರಳು ಮೇಲೆ

ಬುಧವಾರ, ಮಧ್ಯಾಹ್ನ ಎರಡೂವರೆ
ಹಸಿರುಮನೆಯೊಳಗಿನಿಂದ

ನನ್ನ ಮೊಂಡಿ ಮಗಳಿಗೆ, ಅಮ್ಮನ ಪ್ರೀತಿ.

ನಿನ್ನೆ ಫೋನಿನಲ್ಲಿ ಗಿಡಗಳೆಲ್ಲ ಚೆನ್ನಾಗಿವೆ ಎಂದಿದ್ದೆನಲ್ಲ, ಅದು ಸುಳ್ಳು. ನಿನ್ನ ದನಿ ಕೇಳಿದರೆ ಸಾಕು, ನನ್ನ ಬಾಯಿಗೆ ಸುಳ್ಳೇ ಮೊದಲು ಬರುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಿಮ್ಮ ನರ್ಸರಿಯ ವ್ಯಾನು ನಾಳೆ ಬೆಳಿಗ್ಗೆ ಈ ಕಡೆ ಬರುತ್ತದೆ, ಡ್ರೈವರ್ ಕೈಗೆ ಕೊಟ್ಟರೆ ಸಂಜೆಯೊಳಗೆ ನಿನಗೆ ಸಿಗುತ್ತದೆ.

ಮೂರನೇ ಸಾಲಿನಲ್ಲಿ ಹನ್ನೊಂದು ಕರಬೂಜದ ಗಿಡ ಬಾಡಿವೆ. ಮೊನ್ನೆ ಎರಡೇ ಇದ್ದವು. ಮಧ್ಯಾಹ್ನ ಎಲೆ ಜೋತು ಬೀಳುತ್ತದೆ, ಸಂಜೆ ತಂಪಿಗೆ ಎದ್ದು ನಿಲ್ಲುತ್ತದೆ, ಮರುದಿನ ಮತ್ತೆ ಬೀಳುತ್ತದೆ. ಹೋದ ವರ್ಷವೂ ಸೊರಗು ರೋಗ ಹೀಗೇ ಶುರುವಾಗಿತ್ತು. ಈ ಪ್ಲಾಸ್ಟಿಕ್ಕಿನ ಚಾವಣಿಯ ಕೆಳಗೆ ಬೆವರು ಧಾರೆಯಾಗಿ ಹರಿಯುತ್ತಿದೆ, ಪೆನ್ನು ಬೆರಳಿನಿಂದ ಜಾರುತ್ತಿದೆ ಕಣೇ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೂರು ತಿಂಗಳ ಹಿಂದೆ ರಜೆ ಹಾಕಿ ಬಂದಾಗ ನೀನು ಹೇಳಿದ್ದೆಲ್ಲ ನೆನಪಿದೆ. ರೋಗದ ಬೂಷ್ಟು ಮಣ್ಣಿನಲ್ಲೇ ವರ್ಷಗಟ್ಟಲೆ ಕೂತಿರುತ್ತೆ, ಕರಬೂಜದ ಬೇರು ಸಿಕ್ಕರೆ ಒಳಗೆ ನುಗ್ಗುತ್ತೆ, ಕುಂಬಳದ ಬೇರಿನ ಹತ್ತಿರ ಅದರ ಆಟ ನಡೆಯಲ್ಲ ಅಂದಿದ್ದೆ. ಅದಕ್ಕೇ ನೀನು ಕುಂಬಳದ ಬುಡಕ್ಕೆ ಕರಬೂಜದ ತಲೆ ಕೂಡಿಸಿ ನಾನೂರು ಸಸಿ ಕಸಿ ಕಟ್ಟಿದೆ. ಬ್ಲೇಡು ಹಿಡಿದು ಹಿಡಿದು ನಿನ್ನ ಹೆಬ್ಬೆರಳು ಸುಲಿದಿತ್ತು. ಯಾರದ್ದೋ ಕಾಲಿಗೆ ಯಾರದ್ದೋ ತಲೆ, ಇದೇನು ಗಿಡವೋ ನಾಟಕದ ವೇಷವೋ ಅಂತ ನಾನು ನಕ್ಕೆ. ನೀನು ನಗಲಿಲ್ಲ. ಅಮ್ಮಾ, ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲೇ ಇರ್ಬೇಕು, ಗಂಟು ಹೂತುಹೋದ್ರೆ ಕರಬೂಜ ತನ್ನದೇ ಬೇರು ಬಿಡುತ್ತೆ, ಆಮೇಲೆ ಮುಗೀತು ಅಂದೆ.

ಮೂರನೇ ಸಾಲಿಗೆ ಯಾರೋ ಮಣ್ಣು ಏರಿಸಿದ್ದಾರೆ.

ಯಾರೋ ಎಂದು ಬರೆದೆ, ನೋಡು. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ, ನಿನ್ನಮ್ಮ ಎಂಥವಳು ಅಂತ ಗೊತ್ತಾಗಲಿ. ಏರಿಸಿದ್ದು ನಾನೇ. ಮೂವತ್ತು ವರ್ಷದಿಂದ ಬಳ್ಳಿಯ ಬುಡಕ್ಕೆ ಮಣ್ಣು ಕೊಟ್ಟ ಕೈ ಇದು, ಸುಮ್ಮನಿರು ಎಂದರೆ ಇರುತ್ತದೆಯೇ? ಕಾಯಿ ಹಿಡಿದಂತೆ ಬಳ್ಳಿ ಭಾರವಾಯಿತು. ಆ ಗಂಟು ಬರಿಮೈಯಲ್ಲಿ ನಿಂತ ಹಾಗಿತ್ತು. ಎಲ್ಲಿ ಮುರಿದುಬೀಳುತ್ತದೋ ಅನ್ನಿಸಿತು. ಒಂದು ಸಾಲಿಗಾದರೂ ಆಸರೆ ಇರಲಿ ಎಂದು ಗಂಟು ಮುಚ್ಚುವಷ್ಟು ಮಣ್ಣು ಒತ್ತಿದೆ. ಮೂರು ವಾರವಾಯಿತು.

ಇವತ್ತು ಬಾಡಿದ ಒಂದು ಗಿಡದ ಮಣ್ಣನ್ನು ಬೆರಳಿನಿಂದ ಸರಿಸಿದೆ. ಗಂಟಿನ ಮೇಲ್ಗಡೆಯಿಂದ ದಾರದೆಳೆಯಂಥ ಬಿಳಿ ಬೇರುಗಳು ಮಣ್ಣಿಗೆ ಇಳಿದಿದ್ದವು. ಕಾಂಡ ಸೀಳಿ ನೋಡಿದರೆ ಒಳಗೆ ಕಂದು ಗೆರೆ, ಅದೇ ರೋಗ. ಆಮೇಲೆ ಬಾಡಿದ ಹನ್ನೊಂದನ್ನೂ ಬೇರುಸಮೇತ ಕಿತ್ತು, ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ನೆಟ್ಟಗಿರುವ ಇಪ್ಪತ್ತೊಂಬತ್ತರ ಬುಡ ಬಿಡಿಸಿ ಆ ಕಳ್ಳಬೇರುಗಳನ್ನೆಲ್ಲ ಕತ್ತರಿಸಿದ್ದೇನೆ, ಒಂದೊಂದು ಗಿಡಕ್ಕೂ ಬ್ಲೇಡನ್ನು ಔಷಧಿಯಲ್ಲಿ ಅದ್ದಿ. ಸರಿ ಮಾಡಿದೆನೋ ಇನ್ನಷ್ಟು ಕೆಡಿಸಿದೆನೋ, ನೀನೇ ಬಂದು ಹೇಳಬೇಕು. ಬೇರೆ ಒಂಬತ್ತು ಸಾಲನ್ನು ನಾನು ಮುಟ್ಟಿಲ್ಲ, ಅವು ಹಸಿರಾಗಿವೆ. ನಿನ್ನ ಕಸಿಯಲ್ಲಿ ತಪ್ಪಿಲ್ಲ.

ನಿನ್ನಪ್ಪನಿಗೆ ಇನ್ನೂ ಗೊತ್ತಿಲ್ಲ. ಪಂಪು ರಿಪೇರಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ. ಒಂದು ಸಾಲು ಅಲ್ಲಲ್ಲಿ ಬೋಳಾಗಿದ್ದು ಕಂಡರೆ, ಅವಳ ಹೊಸ ವಿದ್ಯೆ ಇಷ್ಟೇ ಅಂತ ಶುರುಮಾಡುತ್ತಾರೆ. ಈ ಬೆಳೆ ನಿಂತರೆ ಅವಳು ಮನೆಗೆ ವಾಪಸು ಬಂದು ಇರಲಿ, ಹೋದರೆ ಹಸಿರುಮನೆಯನ್ನೇ ಬಿಚ್ಚಿಹಾಕ್ತೀನಿ, ಅವಳೂ ಅಲ್ಲೇ ಇರಲಿ ಎಂದವರಲ್ಲವೇ? ಆಡಿದ್ದನ್ನು ಮಾಡುವ ಮನುಷ್ಯ. ಅವರ ಸಿಟ್ಟಿಗೆ ಹೆದರುತ್ತೇನೆ, ನಿಜ. ಅದಕ್ಕಿಂತ ಹೆಚ್ಚು ನನಗೆ ನನ್ನದೇ ಭಯ. ಈ ಸಲವೂ ನಾನು ಬಾಯಿ ಮುಚ್ಚಿಕೊಂಡೇ ಇದ್ದುಬಿಟ್ಟರೆ?

ಆದಷ್ಟು ಬೇಗ ಬಾ. ಬೈಯುವುದನ್ನೆಲ್ಲ ಎದುರಿಗೇ ಬೈ.

ಬುಡಕ್ಕೆ ಮಣ್ಣು ಹಾಕಿ ಹೆದರಿ ಕೂತಿರುವ,
ನಿನ್ನ ಅಮ್ಮ

ಸಹಿ ಹಾಕಿದ ಮೇಲೆ: ‘ಈ ಸಲವೂ’ ಎಂದು ಬರೆದದ್ದನ್ನು ನೀನು ಹಿಡಿಯದೆ ಬಿಡುವವಳಲ್ಲ. ಹೋದ ವರ್ಷ ರೋಗ ಬಂದದ್ದು, ನಿನ್ನಪ್ಪ ಹೇಳಿದ ಹಾಗೆ, ನೀನು ತಂದ ಸಸಿಯ ಟ್ರೇಗಳಿಂದಲ್ಲ. ನಿನ್ನ ಸೋದರಮಾವನ ತೋಟದಲ್ಲಿ ಬಳ್ಳಿ ಸೊರಗುತ್ತಿತ್ತು. ಅಲ್ಲಿಂದ ಗುದ್ದಲಿ ಕೇಳಿ ತಂದವಳು ನಾನು, ಮೆತ್ತಿದ್ದ ಮಣ್ಣನ್ನೂ ತೊಳೆಯದೆ ನಮ್ಮ ಸಾಲಿಗೆ ಹಾಕಿದೆ. ನಿನ್ನಪ್ಪ ನಿನ್ನ ಮೇಲೆ ಹರಿಹಾಯ್ದಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನೀನು ಬ್ಯಾಗು ಎತ್ತಿಕೊಂಡು ಹೊರಟಾಗಲೂ ನಲ್ಲಿ ನಿಲ್ಲಿಸಲಿಲ್ಲ. ಇದನ್ನು ಅವರ ಮುಖ ನೋಡಿ ಹೇಳುವ ಧೈರ್ಯ ಈಗಲೂ ನನಗಿಲ್ಲ. ಈ ಕಾಗದವನ್ನು ಮಡಚದೆ, ಒಂದು ಖಾಲಿ ಲಕೋಟೆಯ ಜೊತೆ ಅವರ ಊಟದ ತಟ್ಟೆಯ ಪಕ್ಕ ಇಡುತ್ತೇನೆ, ಅವರೂ ಓದಲಿ. ಲಕೋಟೆಯ ಮೇಲೆ ನಿನ್ನ ಹೆಸರು ನಾನು ಬರೆಯುವುದಿಲ್ಲ. ಇದು ನಿನ್ನ ಕೈ ಸೇರಿದರೆ, ಅಲ್ಲಿರುವ ಅಕ್ಷರ ಯಾರದೆಂದು ನೋಡು.